ಸ್ಕೂಬಾ ಫಿನ್: ನಿಮ್ಮ ಕಾಲಿಗೆ, ನಿಮ್ಮ ನೀರಿಗೆ ಯಾವುದು ಸರಿ?

ಹೊಸದಾಗಿ ಡೈವಿಂಗ್ ಕಲಿತವರು ಫಿನ್, ಅಂದರೆ ಈಜಲು ಪಾದಕ್ಕೆ ತೊಡುವ ಚಪ್ಪಟೆ ಬ್ಲೇಡಿನ ಸಾಧನ, ಕೊಳ್ಳಲು ಹೊರಟಾಗ ಮೊದಲು ಕೇಳುವ ಪ್ರಶ್ನೆ, ‘ಇವುಗಳಲ್ಲಿ ಯಾವುದು ಹೆಚ್ಚು ವೇಗವಾಗಿ ಹೋಗುತ್ತದೆ?’ ನಾನೂ ಅದನ್ನೇ ಕೇಳಿದ್ದೆ. ಅಂಗಡಿಯಲ್ಲಿದ್ದವುಗಳಲ್ಲಿ ಎಲ್ಲಕ್ಕಿಂತ ಉದ್ದದ, ಗಟ್ಟಿ ಬ್ಲೇಡಿನ ಜೋಡಿಯನ್ನು ಆರಿಸಿಕೊಂಡು ಬಂದೆ. ಅದನ್ನು ಹಾಕಿಕೊಂಡ ಮೂರನೆಯ ಡೈವಿನಲ್ಲಿ ಎದುರಿನಿಂದ ಸೆಳವು ಬಂತು. ಏಳೆಂಟು ನಿಮಿಷ ಒದೆಯುವಷ್ಟರಲ್ಲಿ ಬಲಗಾಲಿನ ಮೀನಖಂಡ ಕಲ್ಲಿನಂತೆ ಹಿಡಿದುಕೊಂಡಿತು. ಜೊತೆಗಾರ ನನ್ನ ಫಿನ್ನಿನ ತುದಿ ಹಿಡಿದು ಕಾಲನ್ನು ನೇರ ಮಾಡಿಸಬೇಕಾಯಿತು. ನನ್ನ ಸಿಲಿಂಡರಿನ ಗಾಳಿಯೂ ಅವನದಕ್ಕಿಂತ ಬಹಳ ಮೊದಲೇ ಮುಗಿಯುತ್ತ ಬಂದಿತ್ತು. ಅವನ ಕಾಲಿನಲ್ಲಿ ಇದ್ದದ್ದು ನನ್ನದಕ್ಕಿಂತ ಗಿಡ್ಡದಾದ, ಮೃದುವಾದ ಫಿನ್.

ಆಮೇಲೆ ಹಲವು ಬಗೆಯ ಫಿನ್‌ಗಳನ್ನು ಹಾಕಿ ಈಜಿದ್ದೇನೆ, ಬೇರೆಯವರು ಆರಿಸುವಾಗ ಪಕ್ಕದಲ್ಲಿ ಕೂತಿದ್ದೇನೆ. ಈಗ ಯಾರಾದರೂ ಕೇಳಿದರೆ ನಾನು ನೋಡಲು ಹೇಳುವುದು ಎರಡು ಸಂಗತಿಗಳನ್ನು. ಒಂದೇ ದೂರ ಹೋಗಲು ಎಷ್ಟು ಗಾಳಿ ಖರ್ಚಾಯಿತು? ನಿಲ್ಲು ಎಂದಾಗ ದೇಹ ನಿಂತಿತೇ, ತಿರುಗು ಎಂದಾಗ ತಿರುಗಿತೇ? ವೇಗ ಇವೆರಡರ ನಂತರದ ಮಾತು.

ವೇಗಕ್ಕೆ ತೆರಬೇಕಾದ ಬೆಲೆ

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ನೀರಿನಲ್ಲಿ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ, ಆ ತಡೆಯನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಇದನ್ನೇ ಚಿಕ್ಕ ಲೆಕ್ಕಕ್ಕೆ ಇಳಿಸಿ ನೋಡಿ: ಶೇಕಡಾ 10ರಷ್ಟು ವೇಗ ಹೆಚ್ಚಿಸಿಕೊಳ್ಳಬೇಕೆಂದರೆ ಕಾಲುಗಳು ಶೇಕಡಾ 33ರಷ್ಟು ಹೆಚ್ಚು ದುಡಿಯಬೇಕು. ಬೆನ್ನಿಗೆ ಸಿಲಿಂಡರ್, ಎದೆಗೆ ಬಿಸಿಡಿ (ತೇಲುವಿಕೆ ಹೊಂದಿಸಲು ಗಾಳಿ ತುಂಬುವ ಜಾಕೆಟ್), ಅಕ್ಕಪಕ್ಕ ನೇತಾಡುವ ಹೋಸುಗಳು ಇರುವ ಡೈವರ್ ಮೀನಿನಂತೆ ನುಣುಪಾಗಿ ನೀರು ಸೀಳುವವನಲ್ಲ. ಸಿಲಿಂಡರಿನ ಒತ್ತಡ ತೋರಿಸುವ, ನೇತಾಡುವ ಗೇಜನ್ನು ದೇಹಕ್ಕೆ ಒತ್ತಿ ಸಿಕ್ಕಿಸಿಕೊಂಡು ಅಡ್ಡಡ್ಡ ಮಲಗಿದ ಭಂಗಿಯಲ್ಲಿ ಈಜಿದರೆ ಸಿಗುವ ಲಾಭ ಎಷ್ಟೋ ಸಲ ಹೊಸ ಫಿನ್ ಕೊಡುವ ಲಾಭಕ್ಕಿಂತ ದೊಡ್ಡದು. ಫಿನ್ ಬದಲಿಸುವ ಮುನ್ನ ಇದನ್ನು ಸರಿಮಾಡಿಕೊಳ್ಳಿ.

ಆಳಕ್ಕೆ ಹೋದಷ್ಟೂ ಈ ಬೆಲೆ ಏರುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡು ಪಟ್ಟು, 30 ಮೀಟರಿನಲ್ಲಿ ನಾಲ್ಕು ಪಟ್ಟು. ಒಂದೇ ಗಾತ್ರದ ಉಸಿರಿಗೆ ಅಲ್ಲಿ ನಾಲ್ಕು ಪಟ್ಟು ಗಾಳಿ ಸಿಲಿಂಡರಿನಿಂದ ಹೊರಡುತ್ತದೆ. ಈಜುಕೊಳದಲ್ಲಿ ‘ಸ್ವಲ್ಪ ಬಿಗಿ ಅನ್ನಿಸುತ್ತೆ, ಪರವಾಗಿಲ್ಲ’ ಎನಿಸಿದ ಫಿನ್ 30 ಮೀಟರಿನಲ್ಲಿ ಡೈವನ್ನೇ ಮೊಟಕುಗೊಳಿಸಬಲ್ಲದು.

ಇನ್ನೂ ಒಂದು ಮಾತು. ಒಂದು ನಾಟ್ ಸೆಳವು ಎಂದರೆ ಸೆಕೆಂಡಿಗೆ ಅರ್ಧ ಮೀಟರಿಗಿಂತ ತುಸು ಹೆಚ್ಚು. ಕೇಳಲು ಸಣ್ಣದು, ಅದರ ಎದುರು ಬಹುಪಾಲು ಡೈವರ್‌ಗಳು ಹೆಚ್ಚು ಹೊತ್ತು ಈಜಲಾರರು. ಯಾವ ಫಿನ್ನೂ ಈ ಲೆಕ್ಕವನ್ನು ಬುಡಮೇಲು ಮಾಡುವುದಿಲ್ಲ. ಸೆಳವು ಕಡಿಮೆ ಇರುವ ತಳದ ಸಮೀಪಕ್ಕೆ ಇಳಿದು, ಬಂಡೆಯ ಮರೆ ಹಿಡಿದು ಸಾಗುವುದು ಅಥವಾ ಸೆಳವಿನೊಂದಿಗೇ ಸಾಗುವ ಯೋಜನೆ ಮಾಡಿಕೊಳ್ಳುವುದು ಜಾಣತನ. ಸೆಳವಿನ ಭಯಕ್ಕೆ ಕಾಲಿಗೆ ಮೀರಿದ ಬ್ಲೇಡ್ ಕೊಳ್ಳಬೇಡಿ.

ಬ್ಲೇಡ್ ಮಾಡುವ ಕೆಲಸ

ಫ್ರಾನ್ಸಿನ ನೌಕಾಪಡೆಯ ಅಧಿಕಾರಿ ಲೂಯಿ ದ ಕೊರ್ಲಿಯು ಈಜುವ ಫಿನ್ನಿಗೆ ಪೇಟೆಂಟ್ ಪಡೆದದ್ದು 1933ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಆಕಾರ ಎಷ್ಟೇ ಬದಲಾಗಿರಲಿ, ತತ್ವ ಒಂದೇ: ನೀರನ್ನು ಹಿಂದಕ್ಕೆ ಕಳಿಸಿದಷ್ಟೂ ನೀವು ಮುಂದಕ್ಕೆ ಹೋಗುತ್ತೀರಿ. ಹೆಚ್ಚು ನೀರನ್ನು ನಿಧಾನವಾಗಿ ನೂಕುವುದು, ಕಡಿಮೆ ನೀರನ್ನು ರಭಸದಿಂದ ನೂಕುವುದಕ್ಕಿಂತ ಮಿತವ್ಯಯದ ದಾರಿ. ಸಿಲಿಂಡರ್ ಇಲ್ಲದೆ ಉಸಿರು ಬಿಗಿಹಿಡಿದು ಮುಳುಗುವ ಫ್ರೀಡೈವರ್‌ಗಳು ಮೀಟರಿಗೆ ಸಮೀಪದ ಉದ್ದದ ಫಿನ್ ತೊಡುವುದು ಇದೇ ಕಾರಣಕ್ಕೆ. ಹಾಗಾದರೆ ಸ್ಕೂಬಾದಲ್ಲೂ ಅದನ್ನೇ ತೊಡಬಹುದಲ್ಲ? ತೊಡಬಹುದು, ಆದರೆ ಇಕ್ಕಟ್ಟಿನಲ್ಲಿ ತಿರುಗಲಾಗದು, ಹವಳಕ್ಕೆ ತಗಲುತ್ತದೆ, ತಳದ ಹೂಳು ಎದ್ದು ನೀರು ಕದಡುತ್ತದೆ, ಕಪ್ಪೆಯಂತೆ ಒದೆಯಲು ಅದು ಒಗ್ಗುವುದೇ ಇಲ್ಲ.

ಎರಡನೆಯದು ಬಾಗುವಿಕೆ. ಕಾಲನ್ನು ಕೆಳಕ್ಕೆ ಒದ್ದಾಗ ಬ್ಲೇಡ್ ಸ್ವಲ್ಪವೂ ಬಾಗದಿದ್ದರೆ ನೀರು ಕೆಳಕ್ಕೇ ಹೋಗುತ್ತದೆ. ನಿಮ್ಮ ಸೊಂಟ ಮೇಲೆ ಕೆಳಗೆ ಆಡುತ್ತದೆಯೇ ಹೊರತು ನೀವು ಮುಂದೆ ಹೋಗುವುದಿಲ್ಲ. ಬ್ಲೇಡ್ ಬಾಗಿ ಓರೆಯಾದಾಗ ಮಾತ್ರ ನೀರು ಹಿಂದಕ್ಕೆ ಜಾರುತ್ತದೆ. ಅತಿಯಾಗಿ ಬಾಗಿದರೆ ಒದ್ದ ಬಲವೆಲ್ಲ ಸೋರಿಹೋಗುತ್ತದೆ. ಎಷ್ಟು ಬಾಗಬೇಕು ಎಂಬುದನ್ನು ತೀರ್ಮಾನಿಸುವುದು ನಿಮ್ಮ ಕಾಲಿನ ಬಲ. ಗಟ್ಟಿ ಬ್ಲೇಡಿಗೆ ಸಣಕಲು ಕಾಲು ಕಟ್ಟಿದರೆ ಎತ್ತು ಏರಿಗೆಳೆದು ಕೋಣ ನೀರಿಗೆಳೆದ ಹಾಗೆ. ನನ್ನ ಮೀನಖಂಡ ಹಿಡಿದುಕೊಂಡದ್ದರ ಹಿಂದೆ ಇದ್ದದ್ದೂ ಇದೇ.

ಬಗೆಗಳು, ಒಂದೊಂದಾಗಿ

ಅಗಲ ಹಲಗೆಯ ಪ್ಯಾಡಲ್ ಫಿನ್ ಎಲ್ಲಕ್ಕಿಂತ ಸರಳ, ದೋಣಿಯ ಹುಟ್ಟಿನಂತೆ. ಇದರ ಸುಧಾರಿತ ರೂಪವೇ ಚಾನೆಲ್ ಫಿನ್: ಬ್ಲೇಡಿನ ಉದ್ದಕ್ಕೂ ಮೃದು ರಬ್ಬರಿನ ಪಟ್ಟಿಗಳಿದ್ದು, ಒದ್ದಾಗ ಬ್ಲೇಡ್ ದೋಣಿಯಂತೆ ಒಳಬಾಗಿ ನೀರು ಪಕ್ಕಕ್ಕೆ ಜಾರದ ಹಾಗೆ ಹಿಡಿದುಕೊಳ್ಳುತ್ತದೆ. ಮಾರೆಸ್ ಕಂಪನಿಯ ಅವಾಂತಿ ಕ್ವಾತ್ರೊ ಇದರ ಹೆಸರಾಂತ ಉದಾಹರಣೆ. ನಾಲ್ಕು ಚಾನೆಲ್ ಇರುವುದರಿಂದಲೇ ಆ ಹೆಸರು. ಸಾಮಾನ್ಯ ಫ್ಲಟರ್ ಕಿಕ್‌ಗೆ, ಅಂದರೆ ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಆಡಿಸುವ ಒದೆತಕ್ಕೆ, ಇವು ಚೆನ್ನಾಗಿ ಸ್ಪಂದಿಸುತ್ತವೆ. ಒಮ್ಮೆಗೇ ಜೋರು ಬೇಕಾದಾಗ, ದಣಿದ ಜೊತೆಗಾರನನ್ನು ಎಳೆದುಕೊಂಡು ಹೋಗಬೇಕಾದಾಗ ಕೈಬಿಡುವುದಿಲ್ಲ. ಫ್ರಾಗ್ ಕಿಕ್ಕೂ, ಅಂದರೆ ಕಪ್ಪೆಯಂತೆ ಎರಡೂ ಕಾಲುಗಳಿಂದ ಒದೆಯುವುದೂ, ಆಗುತ್ತದೆ, ಹಿಂದಕ್ಕೆ ಸರಿಯುವುದು ಮಾತ್ರ ತುಸು ಕಷ್ಟ. ಒಂದೇ ಜೋಡಿಯಲ್ಲಿ ಎಲ್ಲ ಕೆಲಸ ಆಗಬೇಕು ಎನ್ನುವ ಹೊಸಬರಿಗೆ ಮಧ್ಯಮ ಬಿಗಿತದ ಚಾನೆಲ್ ಫಿನ್ ಕೊಡಿಸಿ ಇದುವರೆಗೆ ಪಶ್ಚಾತ್ತಾಪ ಪಟ್ಟಿಲ್ಲ.

ಸ್ಪ್ಲಿಟ್ ಫಿನ್ ಬಗ್ಗೆ ಡೈವರ್‌ಗಳಲ್ಲಿ ಎರಡು ಪಂಗಡಗಳೇ ಇವೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಬ್ಲೇಡಿನ ನಡುವೆ ಉದ್ದಕ್ಕೆ ಸೀಳು. ಒದ್ದಾಗ ಎರಡೂ ಭಾಗಗಳು ತಿರುಚಿಕೊಂಡು ರೆಕ್ಕೆಗಳಂತೆ ನೀರನ್ನು ಓರೆಯಾಗಿ ಸವರುತ್ತವೆ. ಕಾಲಿಗೆ ಭಾರವೇ ತಿಳಿಯುವುದಿಲ್ಲ. ಮೊದಲ ಸಲ ಹಾಕಿದವರು ‘ಏನೂ ಆಗುತ್ತಿಲ್ಲವಲ್ಲ’ ಅಂದುಕೊಂಡು ಕೆಳಗೆ ನೋಡಿದರೆ ತಳ ಹಿಂದಕ್ಕೆ ಓಡುತ್ತಿರುತ್ತದೆ. ಸೊಂಟದಿಂದ ಹೊರಟ ಸಣ್ಣ, ಚುರುಕಾದ ಒದೆತ ಇದಕ್ಕೆ ಬೇಕು. ಮಂಡಿ ನೋವಿನವರಿಗೆ, ಹರಡು ಉಳುಕಿ ವಾಸಿಯಾದವರಿಗೆ, ಡೈವಿನ ಕೊನೆಯಲ್ಲಿ ಮೀನಖಂಡ ಹಿಡಿಯುವವರಿಗೆ ಇದು ನಿಜಕ್ಕೂ ವರ. ದೋಣಿಯಿಂದ ದೂರದಲ್ಲಿ ಮೇಲೆದ್ದು ಮೇಲ್ಮೈಯಲ್ಲಿ ಬೆನ್ನಡಿಯಾಗಿ ಈಜುವಾಗಲೂ ಇಷ್ಟು ಹಗುರಾದದ್ದು ಇನ್ನೊಂದಿಲ್ಲ. ಅಪೋಲೋದ ಬಯೋಫಿನ್, ಅಟಾಮಿಕ್ ಅಕ್ವಾಟಿಕ್ಸ್‌ನ ಸ್ಪ್ಲಿಟ್ ಫಿನ್‌ಗಳು ಈ ಬಗೆಯವು.

ಕೊರತೆಗಳು ಕಡಿಮೆಯಲ್ಲ. ಫ್ರಾಗ್ ಕಿಕ್‌ನಲ್ಲಿ ಪಾದಗಳನ್ನು ಹೊರಕ್ಕೆ ತಿರುಗಿಸಿ ನೀರನ್ನು ಅಪ್ಪಿ ತಳ್ಳಬೇಕು. ಸ್ಪ್ಲಿಟ್‌ನಲ್ಲಿ ಆ ಅಪ್ಪುಗೆಯ ನಡುವೆ ನೀರು ನುಸುಳಿಹೋಗುತ್ತದೆ. ಹಿಂದಕ್ಕೆ ಸರಿಯಲು, ನಿಂತಲ್ಲೇ ತಿರುಗಲು ಬ್ಲೇಡಿನ ಅಂಚು ಗಟ್ಟಿಯಾಗಿ ನೀರನ್ನು ಹಿಡಿಯಬೇಕು, ಅದೂ ಇಲ್ಲಿಲ್ಲ. ಹಗ್ಗ, ಮೀನಿನ ಬಲೆಯ ಎಳೆ, ಕಡಲ ಕಳೆ ಸೀಳಿಗೆ ಸಿಕ್ಕಿಕೊಳ್ಳಬಹುದು. ಗುಹೆ ಅಥವಾ ಮುಳುಗಿದ ಹಡಗಿನ ಒಳಗೆ ಹೋಗುವವರು ಸ್ಪ್ಲಿಟ್ ತೊಡುವುದನ್ನು ನಾನು ಒಪ್ಪುವುದಿಲ್ಲ. ಹಾಗೆಂದು ‘ಸ್ಪ್ಲಿಟ್ ಹಾಕುವವರಿಗೆ ಈಜಲು ಬರುವುದಿಲ್ಲ’ ಎಂಬ ಮಾತು ತಪ್ಪು, ಅದರಿಂದ ನೋಯುವವರು ಮಂಡಿಯ ಶಸ್ತ್ರಚಿಕಿತ್ಸೆಯ ನಂತರವೂ ನೀರಿಗೆ ಮರಳಿದ ಹಿರಿಯರು. ಅವರನ್ನು ಮತ್ತೆ ನೀರಿಗೆ ತಂದದ್ದು ಅದೇ ಫಿನ್.

ಇದಕ್ಕೆ ನೇರ ಎದುರು ನಿಲ್ಲುವುದು ಗಿಡ್ಡ, ಅಗಲ, ಗಟ್ಟಿ ರಬ್ಬರಿನ, ಬುಡದಲ್ಲಿ ಕಿಂಡಿಗಳಿರುವ ಫಿನ್. ಕಿಂಡಿಯ ಫಿನ್ನನ್ನು 1960ರ ದಶಕದಲ್ಲಿ ಫ್ರಾನ್ಸಿನ ಜಾರ್ಜ್ ಬೋಶಾ ರೂಪಿಸಿದರು. ಸ್ಕೂಬಾಪ್ರೊದ ಜೆಟ್ ಫಿನ್ ಆ ವಂಶದ್ದು, ಹೆಚ್ಚು ಬದಲಾಗದೆ ಇಂದಿಗೂ ತಯಾರಾಗುತ್ತಿದೆ. ಅಪೆಕ್ಸ್‌ನ ಆರ್‌ಕೆ3 ಹೊಸ ತಲೆಮಾರಿನದು. ಕಿಂಡಿಯಿಂದ ನೀರು ಜೆಟ್ಟಿನಂತೆ ಚಿಮ್ಮಿ ಮುಂದಕ್ಕೆ ತಳ್ಳುತ್ತದೆ ಎಂದು ಮಾರುವವರು ಹೇಳುವುದುಂಟು. ನನಗೆ ಅನುಭವಕ್ಕೆ ಬಂದದ್ದು ಬೇರೆ: ಪಾದದ ಹತ್ತಿರದ ಬ್ಲೇಡ್ ಹೇಗೂ ಹೆಚ್ಚು ತಳ್ಳುವುದಿಲ್ಲ, ಅಲ್ಲಿ ನೀರಿಗೆ ದಾರಿ ಬಿಟ್ಟರೆ ಕಾಲಿನ ಮೇಲಿನ ಹೊರೆ ಇಳಿಯುತ್ತದೆ, ಒದೆತದ ನಂತರ ಕಾಲನ್ನು ಮತ್ತೆ ಸಜ್ಜುಮಾಡುವುದು ಸುಲಭವಾಗುತ್ತದೆ.

ಈ ಫಿನ್‌ಗಳ ನಿಜವಾದ ಸೊಬಗು ಕಾಣುವುದು ಫ್ರಾಗ್ ಕಿಕ್‌ನಲ್ಲಿ. ಒಂದು ಒದೆತ, ನಂತರ ಕಾಲುಗಳನ್ನು ಜೋಡಿಸಿ ಸುಮ್ಮನೆ ಜಾರುವುದು. ಆ ಜಾರುವ ಹೊತ್ತಿನಲ್ಲಿ ಸ್ನಾಯುಗಳಿಗೆ ಬಿಡುವು, ಉಸಿರಿಗೂ ಬಿಡುವು. ನೀರು ಹಿಂದಕ್ಕೆ ಹೋಗುತ್ತದೆ, ಕೆಳಕ್ಕಲ್ಲ; ಹೂಳು ಏಳುವುದಿಲ್ಲ. ಹವಳದ ಮುಂದೆ ಕ್ಯಾಮೆರಾ ಹಿಡಿದು ನಿಂತವರು ಪಾದವನ್ನು ಎರಡು ಸಲ ಆಡಿಸಿ ಒಂದು ಗೇಣು ಹಿಂದಕ್ಕೆ ಸರಿಯಬಲ್ಲರು. ಆದರೆ ಇದೇ ಫಿನ್ನಲ್ಲಿ ದೂರದವರೆಗೆ ಫ್ಲಟರ್ ಕಿಕ್ ಮಾಡಿದರೆ ಕಾಲು ಸೋತುಹೋಗುತ್ತದೆ. ಅಂದರೆ ಇದು ಕೌಶಲ ಕೇಳುವ ಫಿನ್. ಫ್ರಾಗ್ ಕಿಕ್ ಇನ್ನೂ ಕೂಡಿಬರದವರು ಮೊದಲು ಅದನ್ನು ಕಲಿತು ಆಮೇಲೆ ಇದರ ಕಡೆಗೆ ಬರಲಿ.

ಕೀಲಿನ ಫಿನ್‌ಗಳು ನಡುವಿನ ದಾರಿ. ಸ್ಕೂಬಾಪ್ರೊದ ಸೀವಿಂಗ್ ನೋವಾದಲ್ಲಿ ಬ್ಲೇಡ್ ಪಾದದ ಭಾಗದಿಂದ ಬೇರ್ಪಟ್ಟಂತಿದ್ದು, ಒದ್ದಾಗ ಬ್ಲೇಡ್ ಇಡಿಯಾಗಿ ಓರೆಗೆ ತಿರುಗುತ್ತದೆ. ಸ್ಪ್ಲಿಟ್‌ನ ಹಗುರತನದ ಪಾಲೂ ಪ್ಯಾಡಲ್‌ನ ಬಲದ ಪಾಲೂ ಇದರಲ್ಲಿವೆ. ಪಾಲಿಯುರೆಥೇನ್‌ನಲ್ಲಿ ಎರಕ ಹೊಯ್ದ, ಬೆರಳುಗಳು ಹೊರಗೆ ಕಾಣುವ ಫೋರ್ಸ್ ಫಿನ್ ಬೇರೆಯೇ ಜಾತಿ. ಅದನ್ನು ಮೆಚ್ಚುವವರು ಅಪಾರವಾಗಿ ಮೆಚ್ಚುತ್ತಾರೆ, ಕೊಳ್ಳುವ ಮುನ್ನ ಒಮ್ಮೆ ನೀರಿನಲ್ಲಿ ಹಾಕಿ ನೋಡಲೇಬೇಕಾದ ಫಿನ್ ಅದು.

ಬ್ಲೇಡಿಗಿಂತ ಮೊದಲು ಪಾದ

ಹೆಚ್ಚಿನವರು ಬ್ಲೇಡ್ ನೋಡಿ ಕೊಳ್ಳುತ್ತಾರೆ, ಪಾದ ತೂರಿಸುವ ಭಾಗವಾದ ಫುಟ್ ಪಾಕೆಟ್‌ನಿಂದ ನರಳುತ್ತಾರೆ. ಪಾಕೆಟ್ ಸಡಿಲವಾಗಿದ್ದರೆ ಪ್ರತಿ ಒದೆತದ ಮೊದಲ ಭಾಗ ಪಾದ ಒಳಗೆ ಅಲುಗಾಡುವುದರಲ್ಲೇ ಕಳೆದುಹೋಗುತ್ತದೆ. ಫಿನ್ ಕಳಚೀತೆಂದು ಬೆರಳುಗಳನ್ನು ಮಡಿಚಿ ಹಿಡಿಯುತ್ತೀರಿ. ಮೀನಖಂಡ ಹಿಡಿಯಲು ಅಷ್ಟೇ ಸಾಕು. ಬಿಗಿಯಾಗಿದ್ದರೆ ಬೆರಳು ಜೋಮು ಹಿಡಿಯುತ್ತವೆ.

ಪಾದವನ್ನು ಪೂರ್ತಿ ಮುಚ್ಚುವ ಫುಲ್ ಫುಟ್ ಫಿನ್ ಬರಿಗಾಲಿಗೆ ಅಥವಾ ತೆಳು ಸಾಕ್ಸಿಗೆ. ಹಗುರ, ಬಲ ಸೋರುವುದಿಲ್ಲ, ಬೆಚ್ಚಗಿನ ನೀರಿನಲ್ಲಿ ದೋಣಿಯಿಂದ ಧುಮುಕುವವರಿಗೆ ಸೊಗಸು. ದಡದಿಂದ ನಡೆದು ನೀರಿಗೆ ಇಳಿಯುವವರಿಗೆ, ಕಲ್ಲುಬಂಡೆ ಇರುವಲ್ಲಿ, ತಣ್ಣನೆಯ ನೀರಿನಲ್ಲಿ ಬೂಟಿಯ (ಡೈವಿಂಗ್‌ಗೆ ತೊಡುವ ಮೆತ್ತನೆಯ ಬೂಟಿನ) ಮೇಲೆ ತೊಡುವ, ಹಿಮ್ಮಡಿಗೆ ಪಟ್ಟಿ ಇರುವ ಓಪನ್ ಹೀಲ್ ಫಿನ್ ಬೇಕು. ಬೂಟಿಯ ದಪ್ಪಕ್ಕೆ ತಕ್ಕಂತೆ ಅಳತೆ ಬದಲಾಗುತ್ತದೆ, ಕಂಪನಿಯಿಂದ ಕಂಪನಿಗೂ ಬದಲಾಗುತ್ತದೆ. ಆದ್ದರಿಂದ ನಿಮ್ಮ ಬೂಟಿಯನ್ನೇ ಒಯ್ದು ತೊಟ್ಟು ನೋಡಿ. ಕೂತು ಕಾಲನ್ನು ಎತ್ತಿ ಪಾದವನ್ನು ಅತ್ತಿತ್ತ ಆಡಿಸಿ: ಫಿನ್ ಪಾದದೊಂದಿಗೇ ತಿರುಗಬೇಕು, ಹಿಂದುಳಿಯಬಾರದು. ಬೆರಳುಗಳು ಸ್ವಲ್ಪ ಆಡುವಂತಿರಬೇಕು. ಹಿಮ್ಮಡಿಯ ಪಟ್ಟಿ ರಬ್ಬರಿನದಾಗಿದ್ದರೆ ಒಂದು ಹೆಚ್ಚುವರಿ ಪಟ್ಟಿ ಚೀಲದಲ್ಲಿರಲಿ, ಅದು ಹಳೆಯದಾಗಿ ಬಿರುಕು ಬಿಡುತ್ತದೆ. ಉಕ್ಕಿನ ಸ್ಪ್ರಿಂಗ್ ಪಟ್ಟಿ ನನ್ನ ಆಯ್ಕೆ: ಕೈಗವಸು ತೊಟ್ಟಿದ್ದರೂ ಹಾಕುವುದು ತೆಗೆಯುವುದು ಸುಲಭ, ಆಳಕ್ಕೆ ಇಳಿದು ಬೂಟಿ ತೆಳುವಾದಾಗಲೂ ಸಡಿಲವಾಗುವುದಿಲ್ಲ.

ತೂಕವನ್ನು ಮರೆಯಬೇಡಿ

ಫಿನ್ನಿನ ತೂಕ ಎಂದರೆ ಪ್ರಯಾಣದ ಚೀಲದ ಭಾರ ಎಂದಷ್ಟೇ ಜನ ಯೋಚಿಸುತ್ತಾರೆ. ನೀರಿನಲ್ಲಿ ಅದು ಇನ್ನೊಂದು ಕೆಲಸ ಮಾಡುತ್ತದೆ. ಪಾದ ದೇಹದ ತುದಿಯಲ್ಲಿದೆ, ಏತದ ಮರದ ಕೊನೆಯಂತೆ. ಅಲ್ಲಿಯ ಅರ್ಧ ಕಿಲೋ, ಸೊಂಟದ ಬಳಿಯ ಎಷ್ಟೋ ಹೆಚ್ಚು ತೂಕದಷ್ಟು ದೇಹವನ್ನು ತಿರುಗಿಸಬಲ್ಲದು. ರಬ್ಬರ್ ಫಿನ್ ಮುಳುಗುತ್ತದೆ. ಮೈಗೆ ನೀರು ತಾಗದಂತೆ ಕಾಯುವ ಡ್ರೈಸೂಟಿನಲ್ಲಿ ಗಾಳಿ ಕಾಲಿನ ಕಡೆ ಸೇರಿ ಪಾದ ಮೇಲೇಳುವವರಿಗೆ ಆ ಭಾರ ಬೇಕೇ ಬೇಕು. ತೆಳು ವೆಟ್‌ಸೂಟಿನಲ್ಲಿ ಮೊದಲೇ ಕಾಲು ಜೋತುಬೀಳುವವರು ಅದನ್ನೇ ತೊಟ್ಟರೆ ತಲೆ ಮೇಲೆ, ಕಾಲು ಕೆಳಗೆ ಓರೆಯಾಗಿ ಈಜುತ್ತಾರೆ. ಆಗ ನೀರಿಗೆ ಒಡ್ಡಿದ ಮೈ ದೊಡ್ಡದಾಗಿ, ತಡೆ ಏರಿ, ಫಿನ್ ಎಷ್ಟೇ ಒಳ್ಳೆಯದಿದ್ದರೂ ಗಾಳಿ ಕರಗುತ್ತದೆ. ಅಂಥವರಿಗೆ ಮುಳುಗದ, ತೇಲದ ಥರ್ಮೋಪ್ಲಾಸ್ಟಿಕ್ ಫಿನ್ ಸರಿ. ನಿಮ್ಮದು ಯಾವ ಬಗೆ ಎಂದು ತಿಳಿಯಲು ನೀರಿನ ನಡುವೆ ಅಡ್ಡ ಮಲಗಿ, ಕೈಕಾಲು ಆಡಿಸದೆ ಅರ್ಧ ನಿಮಿಷ ಇರಿ. ಕಾಲು ಎತ್ತ ಹೋಗುತ್ತದೋ ಅದೇ ಉತ್ತರ.

ನೀವೇ ಅಳೆಯುವ ಬಗೆ

ಎರಡು ಜೋಡಿಗಳ ನಡುವೆ ಮನಸ್ಸು ತೂಗುತ್ತಿದ್ದರೆ ಬಾಡಿಗೆಗೆ ತಂದು ಅಳೆಯಿರಿ. ಒಂದೇ ದಿನ, ಸೆಳವಿಲ್ಲದ ಜಾಗ, ಒಂದೇ ಆಳ, ಒಂದೇ ಉಪಕರಣ, ಫಿನ್ ಮಾತ್ರ ಬೇರೆ. ಜೊತೆಗಾರನೊಡನೆ, ಸಹಜ ನಡೆಯಲ್ಲಿ, ಗುರುತು ಮಾಡಿದ ಎರಡು ಬಿಂದುಗಳ ನಡುವೆ ಹೋಗಿ ಬನ್ನಿ. ಸಮಯ, ಗೇಜಿನ ಮೊದಲ ಹಾಗೂ ಕೊನೆಯ ಅಂಕಿ ಬರೆದುಕೊಳ್ಳಿ.

ಉದಾಹರಣೆಗೆ 12 ಲೀಟರ್ ಸಿಲಿಂಡರ್, 10 ಮೀಟರ್ ಆಳ, 10 ನಿಮಿಷ. ಮೊದಲ ಜೋಡಿಗೆ 40 ಬಾರ್ (ಗೇಜಿನಲ್ಲಿ ಕಾಣುವ ಒತ್ತಡದ ಅಳತೆ) ಖರ್ಚಾಯಿತು ಎನ್ನಿ: 12ರಿಂದ ಗುಣಿಸಿದರೆ 480 ಲೀಟರ್, ನಿಮಿಷಕ್ಕೆ 48, ಒತ್ತಡ ಎರಡು ಪಟ್ಟಿರುವುದರಿಂದ ಮೇಲ್ಮೈಯ ಲೆಕ್ಕದಲ್ಲಿ 24 ಲೀಟರ್. ಎರಡನೆಯ ಜೋಡಿಯಲ್ಲಿ ಅಷ್ಟೇ ದೂರ, ಅಷ್ಟೇ ಸಮಯಕ್ಕೆ 32 ಬಾರ್ ಆಯಿತು ಎನ್ನಿ: ಅದೇ ಲೆಕ್ಕದಲ್ಲಿ 19.2 ಲೀಟರ್. 30 ಮೀಟರಿನಲ್ಲಿ ಇದೇ ಅಂತರ ನಿಮಿಷಕ್ಕೆ 19 ಲೀಟರಿಗೂ ಹೆಚ್ಚಾಗುತ್ತದೆ. ಐದು ನಿಮಿಷದ ಓಟಕ್ಕಿಂತ ಹತ್ತು ನಿಮಿಷದ್ದು ಒಳ್ಳೆಯದು, ಏಕೆಂದರೆ ಗೇಜಿನಲ್ಲಿ ಎರಡು ಮೂರು ಬಾರ್ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಮೊದಲು ಹಾಕಿದ ಜೋಡಿಯನ್ನೇ ಕೊನೆಗೆ ಇನ್ನೊಮ್ಮೆ ಹಾಕಿ ಅಳೆಯಿರಿ. ದಣಿವಿನಿಂದ ಅಂಕಿ ಕೆಟ್ಟಿದ್ದರೆ ಆಗ ಗೊತ್ತಾಗುತ್ತದೆ.

ಆಮೇಲೆ ಅಂಕಿಗೆ ಸಿಗದ ಪರೀಕ್ಷೆ. ತಳದಿಂದ ಒಂದು ಮೀಟರ್ ಮೇಲೆ ನಿಂತು, ನಿಂತಲ್ಲೇ ಒಂದು ಸುತ್ತು ತಿರುಗಿ. ಒಂದು ಮೀಟರ್ ಹಿಂದಕ್ಕೆ ಸರಿಯಿರಿ. ಜೊತೆಗಾರನನ್ನು ಮೇಲ್ಮೈಯಲ್ಲಿ ಐವತ್ತು ಮೀಟರ್ ಎಳೆಯಿರಿ. ಕೆಳಗಿನ ಹೂಳು ಎದ್ದಿತೇ ಎಂದು ತಿರುಗಿ ನೋಡಿ. ಹೊರಗೆ ಬಂದು ಒಂದು ಗಂಟೆಯ ನಂತರ ಹರಡು, ಮಂಡಿ, ಮೀನಖಂಡಗಳನ್ನು ಒತ್ತಿ ನೋಡಿ, ಎಲ್ಲಿ ನೋವಿದೆಯೋ ಬರೆದಿಡಿ.

ಇಷ್ಟರ ಮೇಲೂ ಕಾಗದದ ಮೇಲೆ ಆರಿಸಲೇಬೇಕೆಂದರೆ ನಾನು ಹೇಳುವುದು ಹೀಗೆ. ವರ್ಷಕ್ಕೆ ಹತ್ತಾರು ಡೈವ್, ಬೆಚ್ಚಗಿನ ನೀರು, ಹವಳ ನೋಡುವ ಆಸೆ ಇದ್ದರೆ ಮಧ್ಯಮ ಬಿಗಿತದ ಚಾನೆಲ್. ಮಂಡಿ, ಹರಡು ತೊಂದರೆ ಕೊಡುತ್ತಿದ್ದರೆ ಹಿಂಜರಿಯದೆ ಸ್ಪ್ಲಿಟ್, ಇಲ್ಲವೇ ಕೀಲಿನ ಫಿನ್. ಕ್ಯಾಮೆರಾ, ಮುಳುಗಿದ ಹಡಗು, ಡ್ರೈಸೂಟ್ ಇವುಗಳಲ್ಲಿ ಒಂದಾದರೂ ನಿಮ್ಮದಾಗಿದ್ದರೆ ಗಿಡ್ಡ ರಬ್ಬರ್, ಜೊತೆಗೆ ಫ್ರಾಗ್ ಕಿಕ್ ಕಲಿಸುವ ಒಬ್ಬ ಒಳ್ಳೆಯ ಗುರು. ಎರಡು ಬಿಗಿತಗಳ ನಡುವೆ ಅನುಮಾನವಿದ್ದರೆ ಮೃದುವಾದದ್ದನ್ನೇ ತೆಗೆದುಕೊಳ್ಳಿ.

ತಂದ ಮೇಲೆ ಪ್ರತಿ ಡೈವಿನ ನಂತರ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಬ್ಲೇಡಿನ ತುದಿಯ ಮೇಲೆ ನಿಲ್ಲಿಸಿ ಗೋಡೆಗೆ ಒರಗಿಸಬೇಡಿ, ಕೆಲವೇ ತಿಂಗಳಲ್ಲಿ ಬ್ಲೇಡ್ ಬಾಗಿ ಹಾಗೆಯೇ ಉಳಿಯುತ್ತದೆ. ಫುಲ್ ಫುಟ್ ಫಿನ್ನಿನ ಪಾಕೆಟ್ಟಿನೊಳಗೆ ಬಂದ ಪ್ಲಾಸ್ಟಿಕ್ ಅಚ್ಚನ್ನು ಎಸೆಯದೆ, ಒಣಗಿದ ಮೇಲೆ ಮತ್ತೆ ಒಳಗಿಟ್ಟು ಎರಡೂ ಫಿನ್‌ಗಳನ್ನು ಚಪ್ಪಟೆಯಾಗಿ ಮಲಗಿಸಿ.